ಮಗ್ಗಕ್ಕ ಅಡ್ಡ ಬಂದ ಹೊಟ್ಟಿ

ಬೆಟಗೇರಿಯ ಕಲ್ಲಣ್ಣ ಎಷ್ಟೋ ವರ್ಷದ ಮ್ಯಾಲೆ ಮಗ್ಗದ ಕುಣಿಗೆ ಇಳಿದು ಕುಂತ. ಕಾಲು ಒಳಗ ಹೋದವು, ಸೊಂಟ ಹೋತು, ಹೊಟ್ಟಿ ಮಾತ್ರ ಮುಂದಿನ ದಿಂಡಿಗೆ ತಾಕಿ ನಿಂತುಬಿಡ್ತು. ನೇಯ್ದ ಬಟ್ಟಿ ಸುತ್ತಿಕೊಳ್ಳೋ ಮರದ ದಿಂಡು ಅದು, ನೇಕಾರನ ಹೊಟ್ಟಿಗೆ ಎದುರಾಗೇ ಇರ್ತೈತಿ. ಇನ್ನೂ ಒಂದು ಎಳಿ ನೇಯ್ದಿಲ್ಲ, ಆಗಲೇ ಈ ಗತಿ. ಸೀರಿ ಸುತ್ತಿಕೋತ ಹೋದಂಗ ದಿಂಡು ದಪ್ಪ ಆಗ್ತೈತಿ, ಆವಾಗ ಏನು ಮಾಡಾವ ಇಂವ? ಬಾಗಿಲದಾಗ ನಿಂತಿದ್ದ ಹೆಂಡ್ತಿ ಮಲ್ಲವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

"ನೀವರ ಇರ್ರಿ, ಇಲ್ಲಾ ಸೀರಿಯರ ಇರಲಿ. ಇಬ್ಬರಿಗೂ ಜಾಗಾ ಇಲ್ಲಿಲ್ಲ" ಅಂದಳು.

ನಗೂ ಹಂತಾದ್ದಲ್ಲ ಬಿಡ್ರಿ ಅದು. ಮಗಳು ಭುವನೇಶ್ವರಿನ ಶಿರಹಟ್ಟಿಗೆ ಕೊಟ್ಟಿದ್ರು. ಮದುವಿ ದಿನ ಕಲ್ಲಣ್ಣ ಹುರುಪಿನ್ಯಾಗ ಬೀಗರ ಮುಂದ, "ನನ್ನ ಮಗಳ ಕುಬಸದ ಸೀರಿ ನಾನೇ ನೇಯ್ತೇನಿ, ಅಂಗಡಿದು ತರಂಗಿಲ್ಲ" ಅಂದುಬಿಟ್ಟಿದ್ದ. ಅಂದಾವ ಮರೆತ, ಕೇಳಿದ ಬೀಗತಿ ಮರೀಲಿಲ್ಲ. ಭುವನಾ ಬಸರಾದ ಖಬರ ಹೇಳಾಕ ಫೋನ್ ಮಾಡಿದಾಕಿ, "ಏಳನೇ ತಿಂಗಳ ಕುಬಸಕ್ಕ ಬರ್ತೀವ್ರಿ, ನಿಮ್ಮ ಕೈಯಾನ ಹಸಿರು ಸೀರಿ ನೋಡಾಕ" ಅಂತ ಕೊನಿಗೆ ಒಂದು ಮಾತು ಸೇರಿಸಿದ್ದಳು. ಈಗ ಹೊಟ್ಟಿ ಅಡ್ಡ ಬಂತು ಅಂತ ಹೇಳಾಕ ಆಗ್ತೈತೇನು?

ಆ ಹೊಟ್ಟಿ ಬೆಳೆದದ್ದು ಹೆಂಗ ಅನ್ನೂದು ಓಣಿಗೆಲ್ಲಾ ಗೊತ್ತು. ಹಿಂದ ಮಗ್ಗ ನಡಸಾಗ ಕಲ್ಲಣ್ಣ ರಾತ್ರಿ ಸರಿಹೊತ್ತಿನ ತನಕ ನೇಯ್ತಿದ್ದ. ನಡುವ ಮಲ್ಲವ್ವ ಒಗ್ಗರಣಿ ಚುರುಮುರಿ, ಚಾ ತಂದು ಕೊಡ್ತಿದ್ದಳು. ತಿಂದದ್ದು ಕಾಲು ತುಳಿಯೂದ್ರಾಗ ಕರಗಿ ಹೋಗ್ತಿತ್ತು. ಆಮ್ಯಾಲೆ ಗದಗಿನ ಅರಿವಿ ಅಂಗಡ್ಯಾಗ ಗಾದಿ ಮ್ಯಾಲೆ ಕುಂತು ಸೀರಿ ಬಿಚ್ಚಿ ತೋರಸೋ ಕೆಲಸ ಸಿಕ್ತು. ಮಗ್ಗ ಬಿಟ್ಟ, ಚುರುಮುರಿ ಬಿಡಲಿಲ್ಲ. ಹೊಟ್ಟಿ ತುಂಬ ರೊಟ್ಟಿ ಉಂಡಿರ್ತಿದ್ದ, ಆದರೂ ಮಲಗೂ ಹೊತ್ತಿಗೆ ಕೈ ತಾನಾಗೇ ಡಬ್ಬಿ ಹುಡುಕತಿತ್ತು. ಅದು ಹಸಿವಲ್ಲ, ಚಟ. ಡಾಕ್ಟರು ಸಕ್ಕರಿ ಬ್ಯಾನಿ ಅಂಚಿಗೆ ಬಂದೈತಿ, ತೂಕ ಇಳಸ್ರಿ ಅಂದಿದ್ರು. ಅವತ್ತು ರಾತ್ರಿ ಅದೇ ಚಿಂತ್ಯಾಗ ಎರಡು ಮುಕ್ಕು ಜಾಸ್ತೀನೇ ತಿಂದ ಪುಣ್ಯಾತ್ಮ.

ಈಗ ಮಲ್ಲವ್ವ ಟೊಂಕ ಕಟ್ಟಿ ನಿಂತಳು. ಡಬ್ಬಿ ಅಟ್ಟದ ಮ್ಯಾಲೆ ಇಟ್ಟಳು, ಇಂವ ಸ್ಟೂಲ್ ಹಾಕ್ಕೊಂಡು ಹತ್ತಿದ. ಚುರುಮುರಿ ಮಾಡೂದೇ ಬಿಟ್ಟಳು, ಇಂವ ಶೇಂಗಾ ಚಟ್ನಿಗೆ ಬೆರಳು ಅದ್ದಿ ನೆಕ್ಕಿದ. ನೀರು ಕುಡೀರಿ ಅಂದಳು, ಕುಡುದು ರಾತ್ರಿಯೆಲ್ಲಾ ಎದ್ದು ಎದ್ದು ಹೊರಗ ಹೋಗಿ ಬಂದ. ಸಾಕಾತು ಆಕಿಗೆ. ಮೂರು ದಿನ ಸುಮ್ಮನಿದ್ದು, ನಾಕನೇ ದಿನ ಊಟ ಆದಮ್ಯಾಲೆ ನೂಲು ಸುತ್ತೋ ರಾಟಿ ತಂದು ಅವನ ಮುಂದ ಇಟ್ಟಳು. ಬಾಜೂಕ ಹಸಿರು ರೇಷ್ಮಿ ನೂಲಿನ ಲಡಿ.

"ಕಂಡಿಕಿ ನೀವೇ ಸುತ್ತ್ರಿ. ನನಗ ರಾತ್ರಿ ಕಣ್ಣು ಕಾಣವಲ್ದು" ಅಂದಳು.

ಕಣ್ಣು ಕಾಣವಲ್ದಂತ. ಹಿಂದಿನ ದಿನ ದೀಪದ ಬೆಳಕಿನ್ಯಾಗ ಸೂಜಿಗೆ ದಾರ ಪೋಣಿಸಿದಾಕಿ ಅಕಿ. ಆದರ ಆಕಿ ಲೆಕ್ಕ ತಪ್ಪಿರಲಿಲ್ಲ. ಲಾಳ್ಯಾಗ ಇಡೋ ಕಂಡಿಕಿಗೆ ನೂಲು ಸುತ್ತಬೇಕಾದ್ರ ಕೈ ಸ್ವಚ್ಛ ಇರಬೇಕು. ಎಣ್ಣಿ ಕೈಲೆ ರೇಷ್ಮಿ ಮುಟ್ಟಿದ್ರ ಕಲಿ ಬಿತ್ತು ಅಂತನೇ ಅರ್ಥ. ಸಣ್ಣಾಂವ ಇದ್ದಾಗ ಮಿರ್ಚಿ ತಿಂದ ಕೈಲೆ ನೂಲು ಮುಟ್ಟಿ ಅಪ್ಪನ ಕಡಿಂದ ಬಡಿಸಿಕೊಂಡಿದ್ದ ಕಲ್ಲಣ್ಣ, ಆ ಪಾಠ ಮೈಗೆ ಹತ್ತಿತ್ತು. ಸಬಕಾರ ಹಚ್ಚಿ ಕೈ ತೊಳಕೊಂಡು ರಾಟಿ ಮುಂದ ಕುಂತ. ಚಟ್ನಿ ಡಬ್ಬಿ ಕಣ್ಣಿಗೆ ಕಾಣತಿತ್ತು, ಕೈ ಹೋಗಾಕ ಬರ್ತಿರಲಿಲ್ಲ. ಮೊದಲಿಗೆ ಹೊಟ್ಟಿ ಗುರ್ ಅಂತು, ಒಂದು ವಾಟಗ ಮಜ್ಜಿಗಿ ಕೊಟ್ಟಳು. ಸುತ್ತಕೋತ ಸುತ್ತಕೋತ ತೂಕಡಿಕಿ ಬರ್ತಿತ್ತು, ಎದ್ದು ಹೋಗಿ ಮಲಗತಿದ್ದ.

ಅಂಗಡಿಗೆ ಹೋಗೂ ಮೊದಲು, ಬಂದಮ್ಯಾಲೆ, ಎರಡೂ ಹೊತ್ತು ನೇಯ್ದ. ಮೊದಲು ಸೆರಗು, ಆಮ್ಯಾಲೆ ಮೈ, ಒಳಗ ಸಿಗಿಸೋ ತುದಿ ಕೊನಿಗೆ. ದಿಂಡು ದಿನಾ ದಪ್ಪ ಆಗ್ತಿತ್ತು, ಹೊಟ್ಟಿ ದಿನಾ ಒಂಚೂರು ಹಿಂದ ಸರೀತಿತ್ತು. ಒಂದು ದಿನ ಮಲ್ಲವ್ವನ್ನ ಕರದು, ದಿಂಡಿಗೂ ಹೊಟ್ಟಿಗೂ ನಡುವ ಅಂಗೈ ತೂರಿಸಿ ತೋರಿಸಿದ. ಅಕಿ ನೋಡಿ, "ಅಂಗೈ ಆತು, ಮೊಳಕೈ ಯಾವಾಗ?" ಅಂದು ಒಳಗ ಹೋದಳು. ಖರೆ ಹೇಳಬೇಕಂದ್ರ ಅಕಿಗೂ ಭಾಳ ಖುಷಿ ಆಗಿತ್ತು, ತೋರಿಸಿಕೊಳ್ಳಲಿಲ್ಲ ಅಷ್ಟ.

ಸೀರಿ ಇನ್ನೇನು ಮುಗೀತು ಅನ್ನೂ ಹೊತ್ತಿಗೆ ಸುತ್ತೋ ನೂಲು ಮುಗೀತು. ಅವತ್ತು ಊಟ ಆದಮ್ಯಾಲೆ ರಾಟಿ ಮುಂದ ಕೆಲಸ ಇರಲಿಲ್ಲ. ಮಲ್ಲವ್ವ ಜಲ್ದಿ ಮಲಗಿದ್ದಳು. ಅದೇ ಹೊತ್ತಿಗೆ ಭುವನಾನ ಫೋನ್ ಬಂತು. ಮಾತಿನ ನಡುವ ಕುರುಂ ಕುರುಂ ಸಪ್ಪಳ.

"ಏನು ತಿನ್ನಾಕತ್ತಿಯವಾ?"

"ಒಗ್ಗರಣಿ ಚುರುಮುರಿ ಅಪ್ಪಾ. ರಾತ್ರಿ ಆತಂದ್ರ ಹಸಿವು ತಡಕೊಳ್ಳಾಕ ಆಗವಲ್ದು. ಬಳ್ಳೊಳ್ಳಿ ಹೆಚ್ಚಿಗೆ ಹಾಕೇನಿ, ನೀ ತಿಂತಿದ್ದಿ ನೋಡು, ಹಂಗ."

ಮುಗೀತಲ್ಲ. ಫೋನ್ ಇಟ್ಟಾಂವ ಸೀದಾ ಅಡಗಿಮನಿಗೆ ಹೋದ. ಕುಬಸಕ್ಕ ಬರೋ ಮಂದಿಗೆ ಅಂತ ಮಲ್ಲವ್ವ ಬಳ್ಳೊಳ್ಳಿ, ಅರಿಷಿಣ ಹಾಕಿ ಮಾಡಿಟ್ಟಿದ್ದ ಅವಲಕ್ಕಿ ಚೂಡಾ ಇತ್ತು, ಬೊಗಸಿ ತುಂಬ ತಿಂದ. ಹೊಟ್ಟಿ ತಣ್ಣಗಾತು, ಮನಸ್ಸು ಮೆತ್ತಗಾತು. ಮಗಳ ಸೀರಿ ಒಂದ್ಸಲ ನೋಡೂಣು ಅನಿಸ್ತು. ಹೋಗಿ ಅಂಚನ್ನ ಹೆಬ್ಬೆರಳು ತೋರುಬೆರಳಿನ ನಡುವ ಹಿಡದು, ನೇಕಾರರು ಹಿಡಿಯೋ ಹಂಗ, ಒತ್ತಿ ನೋಡಿದ. ಚಲೋ ಬಂದೈತಿ ಅನಕೊಂಡು ಮಲಗಿದ. ಮರುದಿನ ಉಳಿದ ತುಂಡು ನೇಯ್ದ, ಆ ಜಾಗ ದಿಂಡಿನೊಳಗ ಸುತ್ತಿ ಹೋತು.

ಕುಬಸದ ಹಿಂದಿನ ದಿನ ಸೀರಿ ಮಗ್ಗದಿಂದ ಕೊಯ್ದು ಅಂಗಳದಾಗ ಬಿಚ್ಚಿದ್ರು. ತುದಿ ಹತ್ರ, ಅಂಚಿನ ಮ್ಯಾಲೆ, ಅರಿಷಿಣ ಬಣ್ಣದ ಹೆಬ್ಬೆರಳಿನ ಗುರುತು. ಮಲ್ಲವ್ವ ಅದನ್ನ ಮೂಗಿಗೆ ಹಿಡಿದಳು. ಬಳ್ಳೊಳ್ಳಿ ವಾಸನಿ. ಗಂಡನ ಮಾರಿ ನೋಡಿದಳು. ಕಲ್ಲಣ್ಣ ಕಟ್ಟಿ ಮ್ಯಾಲೆ ಕುಂತುಬಿಟ್ಟ. ಮಗ್ಗ ಬಿಟ್ಟಾಗಲೂ ಅಷ್ಟು ಸಂಕಟ ಆಗಿರಲಿಲ್ಲ ಅವಗ. ಆಕಿ ಕಡ್ಲಿಹಿಟ್ಟು ಉದುರಿಸಿ ತಿಕ್ಕಿದಳು, ಎಣ್ಣಿ ಹೋತು, ಹಳದಿ ಹೋಗಲಿಲ್ಲ.

"ಅಂಗಡ್ಯಾಗಿಂದ ಒಂದು ತರ್ತೇನಿ" ಅಂದ.

"ಸುಮ್ಮನ ಕುಂಡ್ರ್ರಿ" ಅಂದಳು.

ಮರುದಿನ ಪಡಸಾಲಿ ತುಂಬ ಮಂದಿ. ಭುವನಾ ಹಸಿರು ಬಳಿ ಹಾಕ್ಕೊಂಡು ಕಟಗಿ ಮಣಿ ಮ್ಯಾಲೆ ಕುಂತಿದ್ದಳು. ಬೀಗತಿ ಸೀರಿ ಮೈಯೆಲ್ಲಾ ಸವರಿ ನೋಡಿದಳು, ಮೆಚ್ಚಿದ್ದು ಮಾರಿ ಮ್ಯಾಲೇ ಕಾಣತಿತ್ತು. ಹೊಸ ಸೀರಿ ಉಡಸೂ ಮೊದಲು ಅಂಚಿಗೆ ಅರಿಷಿಣ ಹಚ್ಚಬೇಕಲ್ಲ, ಬಟ್ಟಲಕ್ಕ ಬೆರಳು ಅದ್ದಿ ಅಂಚು ಹುಡುಕಿದಳು. ಹುಡುಕಿದ ಬೆರಳು ಸೀದಾ ಆ ಗುರುತಿನ ಹತ್ರ ಬಂದು ನಿಂತಿತು. ಕಂಬಕ್ಕ ಆತು ನಿಂತಿದ್ದ ಕಲ್ಲಣ್ಣ ತನ್ನ ಹೆಬ್ಬೆರಳು ಮುಷ್ಟ್ಯಾಗ ಮುಚ್ಚಿಕೊಂಡ.

"ಇದಕ್ಕ ಆಗಲೇ ಅರಿಷಿಣ ಹಚ್ಚೀರೇನ್ರಿ?" ಅಂದಳು ಬೀಗತಿ.

"ಹೌದ್ರಿ" ಅಂದಳು ಮಲ್ಲವ್ವ, ಮಾರಿ ಮ್ಯಾಲಿನ ಗೆರಿ ಸುದ್ದಾ ಅಲುಗಲಿಲ್ಲ. "ಮಗಳ ಸೀರಿ ಅಂತ ಅವರಪ್ಪನೇ ತಮ್ಮ ಕೈಲೆ ಹಚ್ಚ್ಯಾರ."

ಹೆಣ್ಣುಮಕ್ಕಳೆಲ್ಲಾ ಕಲ್ಲಣ್ಣನ ಕಡೆ ತಿರುಗಿ ನೋಡಿದ್ರು. ಬೀಗತಿ ಕಣ್ಣು ತೇವ ಆದವು. ನಮ್ಮ ಮನ್ಯಾಗ ಇಷ್ಟು ಯಾರು ಮಾಡ್ಯಾರು ಅಂದಳು. ಭುವನಾ ಮಾತ್ರ ಅಂಚು ಎತ್ತಿ ಮೂಗಿಗೆ ಹಿಡಿದು, ತುಟಿ ಕಚ್ಚಿಕೊಂಡಳು.

ಸೀರಿ ಉಟ್ಟು ಅಪ್ಪನ ಕಾಲಿಗೆ ಬೀಳಾಕ ಬಂದಾಕಿ, ಅಂವ ಬಾಗಿ ಎಬ್ಬಿಸೂವಾಗ ಕಿವ್ಯಾಗ ಕೇಳಿದಳು. "ನಾ ಫೋನ್ ಮಾಡಿದ ರಾತ್ರಿದೇ ಹೌದಲ್ಲ ಇದು?"

ಕಲ್ಲಣ್ಣ ಹೂಂ ಅಂದ.

"ಕೂಸಿಗೆ ಹಾಸಾಕ ಒಂದು ಮೆತ್ತನ್ನ ಬಟ್ಟಿ ನೇಯಬೇಕು ನೀನು. ಅದಕ್ಕ ಅರಿಷಿಣ ಮಾತ್ರ ನಾವೇ ಹಚ್ಚಿಕೋತೀವಿ."

ಅವತ್ತು ರಾತ್ರಿ ಮಂದಿಯೆಲ್ಲಾ ಉಂಡು, ಉಳಿದ ಚೂಡಾ ಡಬ್ಬಿ ಮುಂದೇ ಇದ್ದಾಗ, ಕಲ್ಲಣ್ಣ ಎದ್ದು ಹೋಗಿ ರಾಟಿ ತಂದಿಟ್ಟು, ಸಬಕಾರ ಹುಡುಕಿದ.