ಹಿತ್ತಿಲಿನಲ್ಲಿ ಗ್ರೀಕರ ತೋಟ

ಐವತ್ತರ ದಶಕದಲ್ಲಿ ನಮ್ಮ ಯಜಮಾನರು ಗುಂಡ್ಲುಪೇಟೆಯಲ್ಲಿ ಮೇಷ್ಟ್ರಾಗಿದ್ದರು. ಒಂದು ಬೇಸಿಗೆ ರಜೆಯಲ್ಲಿ ಮೈಸೂರಿನಿಂದ ಹಳೆಯದೊಂದು ಇಂಗ್ಲಿಷ್ ಪುಸ್ತಕ ತಂದರು. ಎರಡು ಸಾವಿರ ವರ್ಷಕ್ಕೂ ಹಿಂದಿನ ಗ್ರೀಕ್ ಪಂಡಿತನೊಬ್ಬನ ವಿಚಾರ ಅದರಲ್ಲಿತ್ತು. ಒಣ ರೊಟ್ಟಿ, ನೀರು, ತೋಟದ ನೆರಳಲ್ಲಿ ನಾಲ್ಕು ಜನ ಸ್ನೇಹಿತರು. ಮನುಷ್ಯ ನೆಮ್ಮದಿಯಾಗಿರಲು ಇಷ್ಟು ಸಾಕು ಎಂದಿದ್ದನಂತೆ.

ಇವರಿಗೆ ಅದು ತಲೆಗೇರಿತು. ಹಿತ್ತಿಲಿನ ನಿಂಬೆಗಿಡದ ಹತ್ತಿರ ಚಾಪೆ ಬಿತ್ತು. ದಿನಾ ಸಂಜೆ ನಾಲ್ವರು ಗೆಳೆಯರು ಬರತೊಡಗಿದರು. "ಆಸೆ ಕಮ್ಮಿ ಮಾಡ್ಕೊಂಡ್ರೆ ಸುಖ ತಾನಾಗೇ ಬತ್ತದೆ ಕಣ್ಲಾ," ಎಂದು ಇವರು ಹೇಳುವುದು, ಅವರೂ ತಲೆಯಾಡಿಸಿ ಅದನ್ನೇ ಹೇಳುವುದು. ಒಣ ರೊಟ್ಟಿಯ ಮಾತು ಮುಗಿಯುವ ಹೊತ್ತಿಗೆ ಅಡುಗೆಮನೆಗೆ ಇವರ ಕೂಗು ಬರುತ್ತಿತ್ತು: "ಅಮ್ಮೀ, ಇನ್ನೊಂದು ತಟ್ಟೆ ಬೋಂಡ ತತ್ತಾ!"

ಬೋಂಡ ಕರಿಯುವುದು ನನಗೆ ಕಷ್ಟವಾಗಿರಲಿಲ್ಲ. ಕಷ್ಟವಾದದ್ದು ಆ ಗೆಳೆಯರ ಬಾಯಿ. ಎಲೆ ಅಡಿಕೆ ಜಗಿದು, ಕೂತಲ್ಲಿಂದಲೇ ಗೋಡೆಗೆ ಪಿಚಕ್ಕನೆ ಉಗುಳುವರು. ಕೆಂಪು ಉಗುಳು ಇಳಿದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಣಗುತ್ತಿತ್ತು. ಒಬ್ಬರು ಎಣ್ಣೆಗೈಯನ್ನು ಚಾಪೆಗೆ ಒರೆಸಿಕೊಂಡರೆ ಇನ್ನೊಬ್ಬರು ಕ್ಯಾಕರಿಸಿ ಕರಿಬೇವಿನ ಬುಡಕ್ಕೆ ಕಫ ಉಗಿಯುವರು. ಬೆಳಿಗ್ಗೆ ಎದ್ದು ಬೂದಿ, ತೆಂಗಿನ ನಾರು ಹಿಡಿದು ಉಜ್ಜುತ್ತಿದ್ದವಳು ನಾನು. ಆಗ ಮೂರು ತಿಂಗಳ ಬಸುರಿ. ಒಂದು ದಿನ ಆ ಕಲ್ಲಿನ ಪಕ್ಕದಲ್ಲೇ ವಾಂತಿಯಾಯಿತು.

"ಗ್ವಾಡೆಗೆ ಉಗೀಬ್ಯಾಡಿ ಅಂತ ಅವ್ರಿಗೆ ಏಳಿ," ಎಂದೆ.

"ಸಣ್ಣಪುಟ್ಟದ್ಕೆಲ್ಲ ಮನಸ್ಸು ಕೆಡಿಸ್ಕೋಬಾರ್ದು. ನೆಮ್ಮದಿ ಒಳಗಿರ್ಬೇಕು ಕಣಮ್ಮಿ," ಎಂದು ಖಾಲಿ ಕಾಫಿ ಲೋಟ ನನ್ನ ಕೈಗಿಟ್ಟು ಹೊರಟರು.

ಸಿಟ್ಟಿನಿಂದ ಆ ಪುಸ್ತಕ ತೆಗೆದೆ. ಮದುವೆಗೆ ಮುಂಚೆ ಚಾಮರಾಜನಗರದಲ್ಲಿ ಒಂದಿಷ್ಟು ಇಂಗ್ಲಿಷ್ ಕಲಿತಿದ್ದೆ. ಇವರ ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಮಧ್ಯಾಹ್ನಕ್ಕೆ ಅರ್ಧ ಪುಟದಂತೆ ಓದಿದೆ. ಹತ್ತು ಹನ್ನೆರಡು ದಿನಕ್ಕೆ ಒಂದು ಸಾಲು ಸಿಕ್ಕಿತು. ಆ ಪಂಡಿತನ ತೋಟದಲ್ಲಿ ಹೆಂಗಸರೂ ಕೂತು ಮಾತಾಡುತ್ತಿದ್ದರಂತೆ, ಆಳುಗಳೂ ಸಹ. ಇದನ್ನು ಇವರು ಒಂದು ದಿನವೂ ಬಾಯಿಬಿಟ್ಟು ಹೇಳಿರಲಿಲ್ಲ.

ಅಂದು ಸಂಜೆ ಒಲೆ ಹಚ್ಚಲಿಲ್ಲ. ಬೆಳಗಿನ ರಾಗಿ ರೊಟ್ಟಿ, ಒಂದು ಚೊಂಬು ನೀರು ತಂದಿಟ್ಟು ಚಾಪೆಯ ತುದಿಯಲ್ಲಿ ಕೂತೆ.

"ಏನಮ್ಮಿ ಇದು?" ಎಂದರು ಯಜಮಾನರು.

"ನಿಮ್ ಪುಸ್ತಕದಲ್ಲಿರೋದೆಯಾ. ಎಂಗಸ್ರೂ ಕೂತ್ಕತಿದ್ರಂತೆ, ನಾನೇ ಓದ್ದೆ. ಮಾತಾಡಿ, ಕೇಳ್ತೀನಿ. ಉಗಿಯೋರು ಬೀದಿಗೋಗಿ ಉಗುದ್ಬುಟ್ಟು ಬನ್ನಿ."

ಒಬ್ಬರ ಬಾಯಿ ತುಂಬ ಎಲೆಯ ರಸ. ಉಗುಳಲಾರದೆ, ನುಂಗಲಾರದೆ ಕಣ್ಣಲ್ಲಿ ನೀರು ತಂದುಕೊಂಡು ಎದ್ದು ಹೋದರು. ಉಳಿದವರೂ ಒಬ್ಬೊಬ್ಬರಾಗಿ ಚಪ್ಪಲಿ ಮೆಟ್ಟಿದರು. ಇವರು ನಾಲ್ಕು ದಿನ ಮುಖ ಊದಿಸಿಕೊಂಡಿದ್ದರು. ಮುಂದಿನ ವಾರದಿಂದ ಆ ಗೋಷ್ಠಿ ಬೇರೊಬ್ಬರ ಜಗಲಿಗೆ ಹೋಯಿತು. ಅಲ್ಲಿ ಯಾರು ಉಜ್ಜಿದರೋ, ನಾನು ಕೇಳಲಿಲ್ಲ.

ಗೋಡೆಗೆ ಸುಣ್ಣ ಹೊಡೆಸಿ, ಸಂಜೆಗಳಲ್ಲಿ ಒಬ್ಬಳೇ ಕೂತು ಪುಸ್ತಕ ಮುಗಿಸಿದೆ. ಆ ಪಂಡಿತ ಸುಳ್ಳು ಹೇಳಿರಲಿಲ್ಲ. ಹಸಿವಾದಾಗ ರೊಟ್ಟಿ, ಬೆಟ್ಟದ ಕಡೆಯ ತಂಗಾಳಿ, ತಕರಾರಿಲ್ಲದ ಒಂದು ಗಂಟೆ, ನಿಜವಾಗಿಯೂ ಹಿತವಾಗಿತ್ತು. ಅಂಥ ಚೊಕ್ಕ ಮಾತನ್ನು ಆ ಬಾಯಿಗಳಿಂದ ಮೊದಲು ಕೇಳಬೇಕಾಯಿತಲ್ಲ ಎಂಬ ಹೇಸಿಗೆ ಮಾತ್ರ ಇವತ್ತಿಗೂ ಹೋಗಿಲ್ಲ.