ತೆಂಗಿನ ಬುಡದಲ್ಲಿ ಏನೂ ಇರಲಿಲ್ಲ

ಬದುಕಿದ್ದ ನಾಯಿ ಸತ್ತುಹೋಗಿದೆ ಎಂದು ನಾನೊಬ್ಬರನ್ನು ನಂಬಿಸಿದೆ. ಹಾಗೆ ಹೇಳುವಾಗ ಆ ನಾಯಿ ನನ್ನ ಅಡುಗೆಮನೆಯಲ್ಲೇ ಇತ್ತು.

ಕಾಪುವಿನಲ್ಲಿ ನಾನೊಬ್ಬಳೇ ಇರುವುದು. ಮನೆಯಲ್ಲೇ ಹೊಲಿಗೆ ಕೆಲಸ. ಆರು ವರ್ಷಗಳ ಹಿಂದೆ ಬೀಚಿನ ದಾರಿಯಲ್ಲಿ ಒಂದು ಕಂದು ಹೆಣ್ಣು ನಾಯಿ ನಾಲ್ಕು ದಿನ ಒಂದೇ ಜಾಗದಲ್ಲಿ ಕುಳಿತಿತ್ತು. ಯಾವ ಕಾರು ನಿಂತರೂ ಓಡಿಹೋಗಿ ಮೂಸುತ್ತಿತ್ತು, ಮತ್ತೆ ಬಂದು ಅಲ್ಲೇ ಕೂರುತ್ತಿತ್ತು. ಐದನೆಯ ದಿನ ಮನೆಗೆ ಕರೆತಂದೆ. ಚಿನ್ನು ಎಂದು ಹೆಸರಿಟ್ಟೆ. ಮೊದಮೊದಲು ನಾನು ಹತ್ತಿರವಿದ್ದರೆ ಉಣ್ಣುತ್ತಲೇ ಇರಲಿಲ್ಲ. ಆಮೇಲೆ ಮೆಷಿನಿನ ಕೆಳಗೆ ನನ್ನ ಪಾದದ ಮೇಲೆ ತಲೆಯಿಟ್ಟು ಮಲಗತೊಡಗಿತು. ಅದಕ್ಕೆ ಎಚ್ಚರವಾಗಬಾರದೆಂದು ಎಷ್ಟೋ ಸಲ ಮೆಷಿನ್ ನಿಲ್ಲಿಸಿ ಕೈಯಲ್ಲೇ ಹೊಲಿದಿದ್ದೇನೆ.

ವರ್ಷ ತುಂಬುವ ಮೊದಲೇ, ಒಂದು ಮಧ್ಯಾಹ್ನ, ಶಿರ್ವದಿಂದ ನವೀನ ಎಂಬವರು ಬಂದರು. ಮೀನು ಮಾರುವ ಹೆಂಗಸು ನನ್ನ ಮನೆ ತೋರಿಸಿದ್ದಳಂತೆ. ಹೊಸಬರನ್ನು ಕಂಡರೆ ಬೊಗಳುವ ಚಿನ್ನುವನ್ನು ಅಡುಗೆಮನೆಯಲ್ಲಿ ಬಿಟ್ಟು, ಬಾಗಿಲು ಹಾಕಿ ಅಂಗಳಕ್ಕೆ ಬಂದೆ. ಅವರು ಫೋನಿನಲ್ಲಿ ಫೋಟೋ ತೋರಿಸಿದರು.

"ನನ್ನ ಜೂಲಿ, ಅಕ್ಕ. ನಾನೇ ಬಿಟ್ಟು ಹೋದದ್ದು. ಮನೆಯಲ್ಲಿ ಸಣ್ಣ ಮಗು ಉಂಟು, ಎಲ್ಲರೂ ಬೇಡ ಬೇಡ ಅಂತ... ತಪ್ಪು ಮಾಡಿದೆ. ಈಗ ಕರ್ಕೊಂಡು ಹೋಗ್ತೇನೆ."

ಆ ನಾಲ್ಕು ದಿನಗಳು ನೆನಪಾಗಿ ನನಗೆ ಮೈಯೆಲ್ಲ ಉರಿಯಿತು. "ಅದು ಸತ್ತಿತು. ಹೈವೇಯಲ್ಲಿ ಲಾರಿ ಅಡಿಗೆ ಬಿತ್ತು" ಎಂದೆ.

"ಎಲ್ಲಿ ಹೂತಿದ್ದೀರಿ?"

ಅಲ್ಲಿಗಾದರೂ ನಿಲ್ಲಿಸಬಹುದಿತ್ತು — ಅಂಗಳದ ತೆಂಗಿನ ಬುಡ ತೋರಿಸಿದೆ. ಅವರು ಚಪ್ಪಲಿ ಕಳಚಿ ಅಲ್ಲಿ ಹೋಗಿ ಕುಳಿತರು. "ಜೂಲೀ" ಎಂದರು, ಒಂದೇ ಸಲ.

ಒಳಗಿನಿಂದ ಉಗುರುಗಳು ಬಾಗಿಲನ್ನು ಕೆರೆಯತೊಡಗಿದವು.

ಅವರು ತಲೆಯೆತ್ತಿದರು. "ಒಳಗೆ ನಾಯಿ ಉಂಟಾ?"

"ಉಂಟು. ಬೇರೆ ನಾಯಿ. ಕಚ್ತದೆ, ಹತ್ತಿರ ಬರ್ಬೇಡಿ."

ಕೆರೆತ ನಿಲ್ಲಲಿಲ್ಲ. ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಒಳಗಿನ ಒಂದೊಂದು ನೂಕೂ ಬೆನ್ನಿಗೆ ತಾಗುತ್ತಿತ್ತು. ಅವರು ನಿಜವಾಗಿಯೂ ನಂಬಿದರೋ, ಅಥವಾ ತನಗೆ ಇದೇ ಆಗಬೇಕಾದದ್ದು ಎಂದುಕೊಂಡರೋ — ಎದ್ದು ಒಂದು ಚೀಟಿಯಲ್ಲಿ ನಂಬರ್ ಬರೆದುಕೊಟ್ಟರು. "ಈ ಮರ ಕಡಿಯುವುದಿದ್ರೆ ಒಮ್ಮೆ ಹೇಳಿ, ಅಕ್ಕ."

ಚಿನ್ನು ಮೂರು ದಿನ ಗೇಟಿನ ಬಳಿಯಿಂದ ಏಳಲಿಲ್ಲ. ಅದನ್ನೂ ನೋಡಿಕೊಂಡು ಸುಮ್ಮನಿದ್ದೆ. ಬಿಟ್ಟುಹೋದವನಿಗೆ ತಕ್ಕ ಶಾಸ್ತಿಯಾಯಿತು ಎಂದು ಐದು ವರ್ಷ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳೇ. ನನಗೆ ನಾಯಿ ಬೇಕಿತ್ತು, ಅಷ್ಟೆ.

ಕಳೆದ ತಿಂಗಳು ಅದರ ಹೊಟ್ಟೆಯಲ್ಲಿ ಗಡ್ಡೆ ಕಂಡಿತು. ಉಡುಪಿಯ ಡಾಕ್ಟರು ನೋವಿಗೆ ಮಾತ್ರೆ ಕೊಟ್ಟು, ಇನ್ನು ಹೆಚ್ಚು ದಿನ ಇಲ್ಲ ಎಂದರು. ಮನೆಗೆ ಬಂದು ಆ ನಂಬರಿಗೆ ಫೋನ್ ಮಾಡಿದೆ.

"ಜೂಲಿ ಬದುಕಿ ಉಂಟು. ಅವತ್ತು ಬಾಗಿಲು ಕೆರೆದದ್ದು ಅದೇ."

ಗಡ್ಡೆಯ ವಿಷಯವನ್ನೂ ಹೇಳಿದೆ.

ಒಂದು ಗಂಟೆಯೊಳಗೆ ರಿಕ್ಷಾದಲ್ಲಿ ಬಂದರು. ಎರಡು ದಿನಗಳಿಂದ ಮಲಗಿದ್ದ ನಾಯಿ ಕಾಲೂರಿ ಎದ್ದಿತು, ಹೋಗಿ, ನೆಲದಲ್ಲಿ ಕುಳಿತ ಅವರ ಎದೆಗೆ ಮುಖ ಒತ್ತಿತು. ಅವರು ನನ್ನತ್ತ ನೋಡಲಿಲ್ಲ. "ಐದು ವರ್ಷ... ನಾನೇ ಕೊಂದೆ ಅಂತ..." ಎಂದು ನಿಲ್ಲಿಸಿದರು. ನಾನು ಮಾತ್ರೆಯ ಪೊಟ್ಟಣ ತಂದು ಅವರ ಪಕ್ಕದಲ್ಲಿಟ್ಟೆ.

"ಮದ್ದು ಯಾವಾಗ ಕೊಡ್ಬೇಕು?" ಎಂದಷ್ಟೇ ಕೇಳಿದರು.

"ಬೆಳಿಗ್ಗೆ ಒಂದು, ಸಂಜೆ ಒಂದು. ಅನ್ನದ ಉಂಡೆಯೊಳಗೆ ಇಟ್ಟು ಕೊಡಿ."

ನಾಯಿಯನ್ನು ಎತ್ತಿಕೊಂಡು ರಿಕ್ಷಾ ಹತ್ತಿದರು. ಅದರ ಕೊನೆಯ ಸುದ್ದಿಯನ್ನು ಅವರು ತಿಳಿಸಬಹುದು, ತಿಳಿಸದೆಯೂ ಇರಬಹುದು. ನಾನಾಗಿ ಕೇಳುವುದಿಲ್ಲ.