ಕಿವಿಯ ಹತ್ತಿರ ಅಲ್ಲಾಡಿಸಿದ ಹಾರ್ಡ್ ಡಿಸ್ಕ್

ಆ ದಿನ ನಾನು ಕೊಂಡದ್ದು ಹಸಿರು ಲೇಬಲ್ಲಿನ ಹಾರ್ಡ್ ಡಿಸ್ಕೋ, ನೀಲಿ ಲೇಬಲ್ಲಿನದೋ ಎಂದು ಯಾರಾದರೂ ಆಣೆ ಹಾಕಿಸಿ ಕೇಳಿದ್ದರೆ ನಾನು ತಡವರಿಸುತ್ತಿದ್ದೆ. ಹಸಿರು ಎಂದೇ ನನ್ನ ನೆನಪು. ಆದರೆ ಜೊತೆಗಿದ್ದ ಚಿಕ್ಕಪ್ಪ ಅದು ನೀಲಿ ಎಂದು ಎಷ್ಟು ಮದುವೆಮನೆಗಳಲ್ಲಿ ಹೇಳಿಕೊಂಡು ಬಂದರೆಂದರೆ, ಕಣ್ಣು ಮುಚ್ಚಿದರೆ ನನ್ನ ಅಂಗೈಯ ಮೇಲೂ ಒಮ್ಮೊಮ್ಮೆ ನೀಲಿಯೇ ಕಾಣತೊಡಗಿತ್ತು. ನೋಡಿದ್ದೂ ಕೇಳಿದ್ದೂ ಒಂದರಲ್ಲೊಂದು ಬೆರೆತ ಮೇಲೆ ಬೇರ್ಪಡಿಸುವುದು ಕಷ್ಟ.

ಅನುಮಾನವಿಲ್ಲದ ಸಂಗತಿಗಳನ್ನು ಮೊದಲು ಹೇಳಿಬಿಡುತ್ತೇನೆ. ಅದು ಎರಡು ಸಾವಿರದ ದಶಕದ ನಡುಭಾಗ. ಮೂಡಿಗೆರೆಯಲ್ಲಿ ಬಾಡಿಗೆ ಕೋಣೆ ಹಿಡಿದು, ಕಾಫಿ ತೋಟದ ನೆರಳು ಮರಗಳ ಬಗ್ಗೆ ಪಿಎಚ್.ಡಿ. ಪ್ರಬಂಧ ಬರೆಯುತ್ತಿದ್ದೆ. ವಿಶ್ವವಿದ್ಯಾಲಯ ಗಡುವನ್ನು ಆಗಲೇ ಮುಂದೂಡಿತ್ತು, ಇನ್ನೊಮ್ಮೆ ಕೇಳುವ ಹಾಗಿಲ್ಲ ಎಂದು ಮಾರ್ಗದರ್ಶಕರು ಖಡಾಖಂಡಿತವಾಗಿ ಹೇಳಿದ್ದರು. ಅಷ್ಟರಲ್ಲಿ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್ ಟಕ್ ಟಕ್ ಎನ್ನತೊಡಗಿ, ಒಂದು ಬೆಳಿಗ್ಗೆ ಏಳಲೇ ಇಲ್ಲ. ಚಿಕ್ಕಮಗಳೂರಿನ ಕಂಪ್ಯೂಟರ್ ಅಂಗಡಿಯವನು ಪ್ರಬಂಧವನ್ನು ಹೇಗೋ ಹೊರಗೆಳೆದು ಸೀಡಿಗೆ ಹಾಕಿಟ್ಟಿದ್ದ. ಆದರೆ ಕೊನೆಯ ಅಧ್ಯಾಯ ಬರೆಯುವುದು ಬಾಕಿ. ನನ್ನ ಲ್ಯಾಪ್‌ಟಾಪ್ ಸೀಡಿ ಓದುತ್ತಿತ್ತೇ ಹೊರತು ಬರೆಯುತ್ತಿರಲಿಲ್ಲ, ಪೆನ್ ಡ್ರೈವ್ ನನ್ನ ಬಳಿ ಇರಲಿಲ್ಲ. ಇನ್ನು ಬರೆಯುವುದೆಲ್ಲ ಹೊಸ ಡಿಸ್ಕಿನಲ್ಲೇ ಇರಬೇಕು. ಅದೂ ಕೈಕೊಟ್ಟರೆ ಪದವಿ ಕೈಬಿಟ್ಟಂತೆ.

ಚಿಕ್ಕಮಗಳೂರಿಗೆ ಹೋದದ್ದು ಚಿಕ್ಕಪ್ಪನ ಜೀಪಿನಲ್ಲಿ. ಕೊಟ್ಟಿಗೆಹಾರದ ಹತ್ತಿರ ಅವರ ತೋಟ. ವ್ಯಾಪಾರಿಗೆ ತೋರಿಸಲು ಚೆರಿ, ಅಂದರೆ ಸಿಪ್ಪೆಸಮೇತ ಒಣಗಿಸಿದ ಕಾಫಿ ಹಣ್ಣು, ಪೊಟ್ಟಣ ಕಟ್ಟಿಕೊಂಡು ಹೊರಟಿದ್ದರು. ನಮ್ಮ ಕಡೆ ಚೆರಿ ಒಣಗಿದೆಯೋ ಇಲ್ಲವೋ ತಿಳಿಯಲು ಹಿಡಿ ತುಂಬ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ. ಹಸಿಯಾಗಿದ್ದರೆ ಬೀಜ ಒಳಗೆ ಅಂಟಿಕೊಂಡು ಸದ್ದೇ ಇರುವುದಿಲ್ಲ. ಒಣಗಿದ್ದರೆ ಬಿಟ್ಟುಕೊಂಡು ಗಲಗಲ ಎನ್ನುತ್ತದೆ. ಕಣದಲ್ಲೇ ಬೆಳೆದ ಚಿಕ್ಕಪ್ಪ ಟಾರ್ಚಿನ ಸೆಲ್ಲನ್ನೂ ಅಲ್ಲಾಡಿಸದೆ ಕೊಂಡವರಲ್ಲ.

ಅಂಗಡಿಯವನು ಆಲ್ದೂರಿನ ಕಡೆಯ ಯುವಕ. ಎರಡು ಡಿಸ್ಕುಗಳನ್ನು ಮೇಜಿನ ಮೇಲಿಟ್ಟ: ಒಂದಕ್ಕೆ ನೀಲಿ ಲೇಬಲ್, ಇನ್ನೊಂದಕ್ಕೆ ಹಸಿರು. ಕಂಪನಿ ಬೇರೆ, ರೇಟು ಒಂದೇ.

"ಯಾವುದು ಬಾಳಿಕೆ ಬರುತ್ತೆ?" ಎಂದೆ.

"ನೀಲೀದು ಜಾಸ್ತಿ ಮಾರ್ತೀವಿ ಸಾರ್."

"ಕೆಟ್ಟು ವಾಪಸ್ ಬಂದಿದ್ದು?"

"ಅದೂ ನೀಲೀದೇ ಜಾಸ್ತಿ. ಹಸಿರೊಂದು ಬಂದಿತ್ತು."

"ಹಸಿರು ಎಷ್ಟು ಮಾರಿದ್ದೀರಿ?"

ಅವನು ತಲೆ ಕೆರೆದುಕೊಂಡ. "ನಾಲ್ಕೋ ಐದೋ."

ಇದರಿಂದ ಏನೂ ಸಾಬೀತಾಗುವುದಿಲ್ಲ ಎಂಬುದು ನನಗೆ ಸ್ಪಷ್ಟವಾಗಿತ್ತು. ನನ್ನ ಸತ್ತ ಡಿಸ್ಕೂ ನೀಲಿ ಕಂಪನಿಯದೇ, ಆದರೆ ಅದನ್ನೂ ಲೆಕ್ಕಕ್ಕೆ ಹಿಡಿಯಲಿಲ್ಲ. ಒಂದು ಗಿಡಕ್ಕೆ ಹುಳ ಬಿದ್ದರೆ ಸಸಿ ಕೊಟ್ಟ ನರ್ಸರಿಯನ್ನೇ ಬೈಯುವವರನ್ನು ಬೇಕಾದಷ್ಟು ನೋಡಿದ್ದೆ. ಇಂಟರ್ನೆಟ್ಟಿನಲ್ಲೂ ಅಷ್ಟೇ, ಡಿಸ್ಕ್ ಕೆಟ್ಟವರು ಕೂಗುತ್ತಾರೆ, ಕೆಡದವರು ಬರೆಯುವುದಿಲ್ಲ.

ನಾನು ಹೀಗೆ ಯೋಚಿಸುತ್ತಿರುವಾಗ ಚಿಕ್ಕಪ್ಪ ನೀಲಿ ಡಿಸ್ಕನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಆಮೇಲೆ ಹಸಿರನ್ನು.

"ಸಾರ್! ಸಾರ್! ಅಲ್ಲಾಡಿಸ್ಬೇಡಿ!" ಅಂಗಡಿಯವನು ಮೇಜಿನ ಮೇಲೆ ಅರ್ಧ ಬಗ್ಗಿಬಿಟ್ಟ.

"ಹೆದರ್ಬೇಡ ಮಾರಾಯ, ಎಷ್ಟು ವರ್ಷದ ಕೈ ಇದು. ನೀಲೀದು ಇನ್ನೂ ಹಸಿ. ಹಸಿರಿಂದು ಕೇಳು, ಗಲಗಲ ಅಂತದೆ."

"ಚಿಕ್ಕಪ್ಪ, ಇದು ಚೆರಿ ಅಲ್ಲ. ಒಳಗೆ ಏನೋ ಸಡಿಲ ಆಗಿದೆ ಅಷ್ಟೇ."

"ಸಡಿಲ ಆಗ್ಬೇಕಲ್ಲ ಮತ್ತೆ! ಅಂಟ್ಕೊಂಡಿದ್ರೆ ಬೂಷ್ಟು ಹಿಡೀತದೆ. ನಿನ್ನ ಹಳೇದು ಸತ್ತಿದ್ದು ಯಾಕೆ ಅಂತ ಮಾಡಿದ್ದಿ?"

"ನಮ್ಮಪ್ಪ ಟೀವಿ ರಿಮೋಟನ್ನೂ ಹಿಂಗೇ ಅಲ್ಲಾಡಿಸ್ತಾರೆ ಸಾರ್," ಎಂದ ಅಂಗಡಿಯವನು, ಡಿಸ್ಕುಗಳನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಳ್ಳುತ್ತ.

ಎರಡನ್ನೂ ಯಂತ್ರಕ್ಕೆ ಜೋಡಿಸಿ ಪೂರ್ತಿ ಪರೀಕ್ಷಿಸಿ ಎಂದೆ. ಅದು ಮುಗಿಯುವಷ್ಟರಲ್ಲಿ ಚಿಕ್ಕಪ್ಪ ವ್ಯಾಪಾರಿಯನ್ನು ಕಂಡು ಬಂದರು. ಎರಡರಲ್ಲೂ ಒಂದು ದೋಷವೂ ಸಿಗಲಿಲ್ಲ. ಅವುಗಳ ನಡುವೆ ಉಳಿದ ವ್ಯತ್ಯಾಸ ಆ ಸದ್ದೊಂದೇ. ಆಗ ನಾನು ಹಾಕಿದ ಲೆಕ್ಕ ಇದು: ನೀಲಿ ತೆಗೆದುಕೊಂಡು ಅದು ಕೆಟ್ಟರೆ ಪದವಿಯೂ ಹೋಯಿತು, ಬದುಕಿರುವ ತನಕ ಚಿಕ್ಕಪ್ಪನ ಮಾತೂ ತಪ್ಪಿದ್ದಲ್ಲ. ಹಸಿರು ಕೆಟ್ಟರೆ ಪದವಿ ಮಾತ್ರ ಹೋಗುತ್ತದೆ. ಹಸಿರನ್ನೇ ಲ್ಯಾಪ್‌ಟಾಪಿಗೆ ಕೂರಿಸಿ ಕೊಡಿ ಎಂದೆ. ಇದು ನನ್ನ ನೆನಪು.

ಚಿಕ್ಕಪ್ಪನ ಕಥೆಯಲ್ಲಿ ನಾನು ಮೂಗು ಮುರಿದು ನೀಲಿಯನ್ನೇ ಎತ್ತಿಕೊಂಡೆ. "ಓದಿದೋರು ನಮ್ಮ ಮಾತು ಎಲ್ಲಿ ಕೇಳ್ತಾರೆ? ಹಸಿ ಡಿಸ್ಕ್ ತಗೊಂಡು ಬಂದ. ಹೆಂಗೋ ಬಾಳ್ತು, ಅವನ ಪುಣ್ಯ," ಎಂದು ಊಟದ ಪಂಕ್ತಿಯಲ್ಲಿ ಪಕ್ಕದವರಿಗೆ ಹೇಳುವರು. ನಾನು ಎದುರು ಪಂಕ್ತಿಯಿಂದ "ಹಸಿರು, ಚಿಕ್ಕಪ್ಪ!" ಎಂದರೆ, "ಪಾಯಸ ಹಾಕಿಸ್ಕೊ ಮೊದ್ಲು," ಎನ್ನುವರು.

ಬಾಳಿದ್ದಂತೂ ನಿಜ. ಆ ಮಳೆಗಾಲವಿಡೀ ಪ್ರತಿ ಬಾರಿ ಲ್ಯಾಪ್‌ಟಾಪ್ ತೆರೆದಾಗಲೂ ಕಿವಿಗೊಟ್ಟು ಕೂರುತ್ತಿದ್ದೆ. ಟಕ್ ಟಕ್ ಬರಲಿಲ್ಲ. ಗಡುವಿನೊಳಗೆ ಪ್ರಬಂಧ ಸಲ್ಲಿಸಿದೆ. ಬೈಂಡ್ ಮಾಡಿಸಿದ ಒಂದು ಪ್ರತಿಯನ್ನು ಚಿಕ್ಕಪ್ಪನಿಗೆ ಕೊಟ್ಟಾಗ ಅವರು ಅದನ್ನು ಅಲ್ಲಾಡಿಸಲಿಲ್ಲ, ಕೈಯಲ್ಲಿ ತೂಗಿ ನೋಡಿದರು.

ಕೆಲವು ವರ್ಷಗಳ ಮೇಲೆ ಎಲ್ಲೋ ಓದಿದೆ: ಕೆಲವು ಮಾದರಿಯ ಲ್ಯಾಪ್‌ಟಾಪ್ ಡಿಸ್ಕುಗಳು ಕರೆಂಟ್ ಇಲ್ಲದಾಗ ಅಲ್ಲಾಡಿಸಿದರೆ ಸದ್ದು ಮಾಡುತ್ತವಂತೆ. ಒಳಗಿನ ಸೂಜಿಯಂಥ ತೋಳು ಅತ್ತಿತ್ತ ಹೋಗದಂತೆ ತಡೆಯುವ ಪುಟ್ಟ ಕೊಂಡಿಯ ಸದ್ದು ಅದು. ಒಣಗಿದ್ದರ ಗುರುತೂ ಅಲ್ಲ, ಸಡಿಲಾದದ್ದರ ಗುರುತೂ ಅಲ್ಲ. ಅಂದು ಚಿಕ್ಕಪ್ಪ ಹೇಳಿದ್ದೂ ತಪ್ಪು, ನಾನು ಹೇಳಿದ್ದೂ ತಪ್ಪು.

ಉಳಿದದ್ದು ಬಣ್ಣದ ಪ್ರಶ್ನೆ. ಹೋದ ಮಳೆಗಾಲದಲ್ಲಿ ಅಟ್ಟದಿಂದ ಆ ಹಳೆಯ ಲ್ಯಾಪ್‌ಟಾಪ್ ಇಳಿಸಿ, ಸಣ್ಣ ಸ್ಕ್ರೂಡ್ರೈವರ್ ಜೇಬಿಗೆ ಹಾಕಿಕೊಂಡು ಕೊಟ್ಟಿಗೆಹಾರಕ್ಕೆ ಹೋದೆ. ಸಾಕ್ಷಿಯಿಲ್ಲದೆ ತೆರೆದರೆ ನಾಳೆ ನನ್ನನ್ನೇ ನಾನು ನಂಬುವವನಲ್ಲ.

"ಹಸಿರು ಇದ್ರೆ ನೀನು ಆಮೇಲೆ ಬದಲಾಯ್ಸಿರ್ತೀಯ," ಎಂದರು ಚಿಕ್ಕಪ್ಪ ಕನ್ನಡಕ ಹುಡುಕುತ್ತ.

ಲ್ಯಾಪ್‌ಟಾಪ್ ಮಗುಚಿ ತೋರಿಸಿದೆ. ಡಿಸ್ಕಿನ ಮುಚ್ಚಳದ ಸ್ಕ್ರೂ ಮೇಲೆ ಆ ಅಂಗಡಿಯ ವಾರಂಟಿ ಚೀಟಿ ಹಾಗೇ ಅಂಟಿಕೊಂಡಿತ್ತು, ಎಲ್ಲೂ ಹರಿದಿರಲಿಲ್ಲ. ಅವರು ಉಗುರಿನಿಂದ ಅದರ ಅಂಚನ್ನು ಎಬ್ಬಿಸಲು ನೋಡಿದರು, ಬರಲಿಲ್ಲ. "ಸರಿ, ಬಿಚ್ಚು," ಎಂದರು.

ಚೀಟಿ ಹರಿದು, ಸ್ಕ್ರೂ ತಿರುಗಿಸಿ, ಮುಚ್ಚಳ ತೆಗೆದೆ. ಲೇಬಲ್ ಹಸಿರು.